ಕುಂಕುಮದ ಕೆಳಗಿನ ಮುಳ್ಳು

ನಾನು ಎರಡು ಅಂಗುಲ ಅಗಲದ ಒಂದು ಗಾಜಿನ ಮುಖ. ಮುಖದ ಮೇಲೆ ಸೊನ್ನೆಯಿಂದ ನೂರರವರೆಗೆ ಅಂಕಿಗಳು, ನಡುವೆ ಒಂದು ಬಿಳಿ ಮುಳ್ಳು. ಎಂಜಿನ್ನಿನೊಳಗೆ ಎಣ್ಣೆ ಎಷ್ಟು ಒತ್ತಡದಿಂದ ಓಡುತ್ತಿದೆ ಎಂದು ಹೇಳುವುದು ನನ್ನ ಕಸುಬು. ಪುಸ್ತಕದಲ್ಲಿ ನನ್ನ ಹೆಸರು ಆಯಿಲ್ ಪ್ರೆಷರ್ ಗೇಜ್ ಅಂತೆ. ಗ್ಯಾರೇಜುಗಳಲ್ಲಿ ನಾನು ಆಯಿಲ್ ಮೀಟರ್. ನನ್ನನ್ನು ಗಡಿಯಾರ ಎಂದು ಕರೆದವರೂ ಇದ್ದಾರೆ, ಅವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಗಡಿಯಾರದ ಮುಳ್ಳು ಯಾರು ನೋಡಲಿ ಬಿಡಲಿ ಸುಮ್ಮನೆ ಸುತ್ತುತ್ತಿರುತ್ತದೆ. ನನ್ನದು ಕಾರಣವಿಲ್ಲದೆ ಅಲುಗುವ ಜಾತಿಯಲ್ಲ.

ಹುಟ್ಟಿದ್ದು ಬೆಳಗಾವಿಯ ಒಂದು ತಗಡಿನ ಶೆಡ್ಡಿನಲ್ಲಿ. ನನ್ನ ಹೊಟ್ಟೆಯೊಳಗೆ ಕುಡುಗೋಲಿನ ಹಾಗೆ ಬಾಗಿದ ಹಿತ್ತಾಳೆಯ ಕೊಳವೆಯೊಂದಿದೆ. ಎಣ್ಣೆ ಒಳಗೆ ನುಗ್ಗಿ ಒತ್ತಿದರೆ ಅದು ಬೆನ್ನು ನೆಟ್ಟಗೆ ಮಾಡಿಕೊಳ್ಳಲು ನೋಡುತ್ತದೆ, ಆಗ ಮುಳ್ಳು ಮೇಲೇರುತ್ತದೆ. ಎಣ್ಣೆಯ ಜೋರು ಇಳಿದರೆ ಮುಳ್ಳೂ ಇಳಿಯುತ್ತದೆ. ಇಷ್ಟೇ ನನ್ನ ವಿದ್ಯೆ. ಆ ಕೊಳವೆಗೆ ಬೆಸುಗೆ ಹಾಕಿದವಳು ಮಂಗಲಾಬಾಯಿ ಎಂಬ ಹೆಣ್ಣುಮಗಳು. ಮಾಲೀಕನಿಂದ ಹಿಡಿದು ಚಹಾ ತರುವವನವರೆಗೆ ಎಲ್ಲರಿಗೂ ಮುಖದ ಮೇಲೆ ಹೊಡೆದ ಹಾಗೆ ಮಾತಾಡುತ್ತಿದ್ದಳು. ನನ್ನ ಮುಲಾಜಿಲ್ಲದ ಸ್ವಭಾವ ಅವಳ ಕೈಯಿಂದಲೇ ಬಂದದ್ದಿರಬೇಕು.

ಅಲ್ಲಿಂದ ಹುಬ್ಬಳ್ಳಿಯ ಒಂದು ಬಿಡಿಭಾಗಗಳ ಅಂಗಡಿಗೆ ಬಂದೆ. ಎರಡು ವರ್ಷ ರಟ್ಟಿನ ಡಬ್ಬಿಯಲ್ಲಿ ಕೂತಿದ್ದೆ. ಪಕ್ಕದಲ್ಲಿ ಹಾಡು ಹೇಳುವ ಹಾರ್ನ್‌ಗಳಿದ್ದವು. ಬಂದ ಗಿರಾಕಿಗಳೆಲ್ಲ ಅವನ್ನೇ ಕೇಳುವವರು. ಸದ್ದು ಮಾಡದವರಿಗೆ ಬೇಗ ಬೆಲೆ ಬರುವುದಿಲ್ಲ ಎಂದು ನನಗೆ ಗೊತ್ತಾದದ್ದು ಅಲ್ಲೇ.

ಕಡೆಗೊಂದು ದಿನ ಗದಗಿನ ವಿರೂಪಾಕ್ಷಪ್ಪ ಮಾಸ್ತರರು ಹೆಂಡತಿ ನೀಲಮ್ಮನವರ ಜೊತೆ ಬಂದು ನನ್ನನ್ನು ಹೆಸರು ಹೇಳಿ ಕೇಳಿದರು. ಅವರು ನಿವೃತ್ತ ಡ್ರಾಯಿಂಗ್ ಮಾಸ್ತರರು. ಬಾಗಿಲಲ್ಲಿ ಅವರ ಬೂದು ಬಣ್ಣದ ಹಳೆಯ ಕಾರು ನಿಂತಿತ್ತು. ನನ್ನನ್ನೂ ನನ್ನ ಜೊತೆಗಾರ ತಾಮ್ರದ ಸಣ್ಣ ಪೈಪನ್ನೂ ನೀಲಮ್ಮನವರು ಉಡಿಯಲ್ಲಿಟ್ಟುಕೊಂಡು ಕೂತರು. ಕಾರು ಅಣ್ಣಿಗೇರಿ ದಾಟಿದ ಮೇಲೆ ನಾನು ಯಾಕೆ ಕೊಳ್ಳಲ್ಪಟ್ಟೆ ಎಂಬುದು ತಿಳಿಯಿತು.

"ಇದನ್ನ ನೋಡಿ ದಸ್ತಗೀರಸಾಬರು ಸಿಟ್ಟಾಗಾಂಗಿಲ್ಲೇನ್ರಿ?" ಎಂದು ನೀಲಮ್ಮನವರು ಕೇಳಿದರು.

"ಆಗ್ಲಿ ತಗೋ. ನಿಮ್ಮ ಕಿವಿ ಮಂದ ಆಗ್ಯಾವ ಅಂತ ಅವರಿಗೆ ಬಾಯಿಬಿಟ್ಟು ಹೆಂಗ ಹೇಳ್ಲಿ ನಾನು? ಇದನ್ನ ಕೂಡಿಸಿದ್ರ ಕಣ್ಣಿಲೆ ನೋಡಿ ತಿಳ್ಕೋತಾರ. ಕಿವಿ ಸುದ್ದಿ ಯಾರಿಗೂ ಗೊತ್ತಾಗೂದ ಬ್ಯಾಡ."

ದಸ್ತಗೀರಸಾಬ ಎಂದರೆ ಗದಗಿನಲ್ಲಿ ದೊಡ್ಡ ಹೆಸರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಅದರ ಕಟ್ಟಿಗೆಯ ಹಿಡಿಕೆಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಕೇಳಿ, ಯಾವ ಬೇರಿಂಗ್ ಸವೆದಿದೆ ಎಂದು ಬಿಚ್ಚದೆಯೇ ಹೇಳುವ ಮಿಸ್ತ್ರಿ. ಮಾಸ್ತರರ ಕಾರನ್ನು ಇಪ್ಪತ್ತೆಂಟು ವರ್ಷಗಳಿಂದ ಅವರೊಬ್ಬರೇ ಮುಟ್ಟಿದ್ದು. ಆ ಕಿವಿಯೇ ಅವರ ಅನ್ನ, ಅವರ ಮಾನ. ಅದು ಹೋಯಿತೆಂದು ಊರಿಗೆ ಗೊತ್ತಾದರೆ ಗ್ಯಾರೇಜಿನ ಮುಂದೆ ಗಾಡಿ ನಿಲ್ಲುವುದಿಲ್ಲ. ಹೋದ ತಿಂಗಳು ಹಾರ್ನ್ ರಿಪೇರಿಗೆ ಬಂದ ಜೀಪೊಂದರ ಗುಂಡಿ ಒತ್ತಿ, "ಆತ್ ನೋಡ್ರಿ, ಕಣಿ ಕಣಿ ಅಂತೈತಿ" ಎಂದು ಕಳಿಸಿಕೊಟ್ಟಿದ್ದರಂತೆ. ಹಾರ್ನ್ ಒಂದು ಚೂರೂ ಉಲಿದಿರಲಿಲ್ಲ. ಅಲ್ಲೇ ಇದ್ದ ಮಾಸ್ತರರು ಜೀಪಿನವನ ಹಿಂದೆ ಹೋಗಿ, ಏನೋ ಹೇಳಿ ಸಮಾಧಾನ ಮಾಡಿ ಬಂದಿದ್ದರು.

ನನ್ನನ್ನು ಕಂಡು ಮಿಸ್ತ್ರಿಗೆ ಸಿಟ್ಟು ಬಂದೇ ಬಂತು. ಡಬ್ಬಿಯಿಂದ ತೆಗೆದು ಅಂಗೈ ಮೇಲೆ ಹೊರಳಿಸಿ, "ನಾ ಇನ್ನೂ ಜೀವಂತ ಇದ್ದೇನ್ರಿ ಮಾಸ್ತರ. ಈ ಗಡಿಯಾರ ಯಾಕ ಬೇಕಾಗಿತ್ತು?" ಎಂದರು. ಹೌದು, ಗಡಿಯಾರ ಎಂದರು! ಆ ಕ್ಷಣದಲ್ಲಿ ನನಗೂ ಅವರಿಗೂ ಆಗಿಬರುವ ಲಕ್ಷಣ ಕಾಣಲಿಲ್ಲ.

ಆದರೆ ಕೆಲಸಕ್ಕೆ ಕೈ ಹಚ್ಚಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಎಂಜಿನ್ನಿನ ಮಗ್ಗುಲಲ್ಲಿ, ಎಣ್ಣೆ ಪೂರಾ ಮುಗಿದಾಗಷ್ಟೇ ಕೆಂಪು ದೀಪ ಹತ್ತಿಸುವ ಸಣ್ಣ ಸ್ವಿಚ್ಚೊಂದು ಇರುತ್ತದೆ. ಅದನ್ನು ಬಿಚ್ಚಿ, ಆ ಜಾಗದಲ್ಲಿ ಎರಡು ಬಾಯಿಯ ಹಿತ್ತಾಳೆಯ ತುಂಡೊಂದನ್ನು ಕೂಡಿಸಿದರು. ಒಂದು ಬಾಯಿಗೆ ಹಳೆಯ ಸ್ವಿಚ್ಚು, ಇನ್ನೊಂದಕ್ಕೆ ನನ್ನ ತಾಮ್ರದ ಪೈಪು. ಪೈಪನ್ನು ನೇರವಾಗಿ ಎಳೆಯಲಿಲ್ಲ. ಬೆರಳಿಗೆ ಸುತ್ತಿ ಎರಡು ಸುರುಳಿ ಬಿಟ್ಟರು. ಎಂಜಿನ್ ನಡುಗಿದಾಗ ಸುರುಳಿ ಆ ನಡುಕವನ್ನು ನುಂಗಬೇಕು, ಇಲ್ಲದಿದ್ದರೆ ಪೈಪು ಕಡಿದು ಕಾಯ್ದ ಎಣ್ಣೆ ಕಾಲ ಮೇಲೆ ಬೀಳುತ್ತದೆ. ಎಂಜಿನ್ನಿಗೂ ಸೀಟಿಗೂ ನಡುವಿನ ತಗಡಿನ ಗೋಡೆ ದಾಟುವ ತೂತಿಗೆ ರಬ್ಬರಿನ ಬಳೆ ತೊಡಿಸಿದರು. ನನ್ನನ್ನು ಸ್ಟೀರಿಂಗಿನ ಎಡಕ್ಕೆ, ಮಾಸ್ತರರ ಕಣ್ಣಿಗೆ ಬೀಳುವ ಹಾಗೆ ಕೂಡಿಸಿದರು. ಅಷ್ಟು ಹೊತ್ತೂ ಬೈಯುತ್ತಲೇ ಇದ್ದರು. ಆದರೆ ಬೈಯುವ ಕೈ ಇಷ್ಟು ಹಗುರವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಎಂಜಿನ್ ಚಾಲೂ ಆಯಿತು. ಎಣ್ಣೆ ಪೈಪಿನಲ್ಲಿ ಓಡಿ ಬಂದು ನನ್ನ ಹೊಟ್ಟೆ ತುಂಬಿತು. ಅದು ನನ್ನ ಮೊದಲ ಊಟ. ಮುಳ್ಳು ಅರವತ್ತಕ್ಕೆ ಹೋಗಿ ನಿಂತಿತು. ಮಿಸ್ತ್ರಿ ಬಗ್ಗಿ ನೋಡಿ, "ಎಂಜಿನ್ ಕಾಯ್ದು ಗಾಡಿ ನಿಂತಾಗ ಇಪ್ಪತ್ತೈದಕ್ಕ ಇಳೀತೈತಿ. ಅಂಜಬ್ಯಾಡ್ರಿ" ಎಂದರು. ಆಮೇಲೆ ನನ್ನ ಗಾಜಿನ ಮೇಲಿನ ಬೆರಳಚ್ಚನ್ನು ತಮ್ಮ ಅಂಗಿಯ ತೋಳಿನಿಂದ ಒರೆಸಿದರು. ನಾನು ಅವರನ್ನು ಅಲ್ಲೇ ಕ್ಷಮಿಸಿದೆ.

ಮಹಾನವಮಿಯ ಖಂಡೇ ಪೂಜೆ ಬಂತು. ಮಿಸ್ತ್ರಿಯ ಹಳೆಯ ಗಿರಾಕಿಗಳೆಲ್ಲ ಗಾಡಿಗಳನ್ನು ಅವರ ಗ್ಯಾರೇಜಿನ ಮುಂದೆಯೇ ತಂದು ನಿಲ್ಲಿಸಿ ಪೂಜೆ ಮಾಡುವುದು ರೂಢಿ. ಚೆಂಡುಹೂವಿನ ಮಾಲೆ, ಗಾಲಿಯ ಕೆಳಗೆ ನಿಂಬೆಹಣ್ಣು. ನೀಲಮ್ಮನವರು ಸ್ಟೀರಿಂಗಿಗೆ, ಬಾನೆಟ್ಟಿಗೆ, ನಾಲ್ಕು ಗಾಲಿಗಳಿಗೆ ಗಂಧ ಕುಂಕುಮ ಹಚ್ಚಿ ನನ್ನ ಹತ್ತಿರ ಬಂದರು. ಎಂಜಿನ್ ಆಗಷ್ಟೇ ಚಾಲೂ ಆಗಿತ್ತು, ನನ್ನ ಮುಳ್ಳು ಅರವತ್ತರಲ್ಲಿ ಮೇಲೆ ನಿಂತಿತ್ತು. ಆ ತಾಯಿ ಎಷ್ಟು ವಿಚಾರವಂತೆ ನೋಡಿ. "ಮುಳ್ಳಿಗೆ ಅಡ್ಡ ಆಗಬಾರದು" ಎಂದು ಹೇಳಿ, ಮುಳ್ಳಿಲ್ಲದ ಜಾಗ ಹುಡುಕಿ, ಕೆಳಗೆ ಎಡಗಡೆಗೆ ಹೆಬ್ಬೆಟ್ಟಿನಷ್ಟು ಗಂಧ ಮೆತ್ತಿ, ಮೇಲೆ ಕುಂಕುಮ ಇಟ್ಟರು. ಸೊನ್ನೆಯಿಂದ ಇಪ್ಪತ್ತೈದರವರೆಗೆ ಎಲ್ಲವೂ ಅದರಡಿ ಮುಚ್ಚಿಹೋಯಿತು. ಮಾಸ್ತರರು ಒರೆಸಲು ಕೈ ಎತ್ತಿದರು. ತಡೆದವರು ಮಿಸ್ತ್ರಿಯೇ.

"ಪೂಜಾದ ಬೊಟ್ಟು ಅಳಸಬಾರದ್ರಿ ಮಾಸ್ತರ. ಅದಾ ತಾನಾಗಿ ಉದರ್ತೈತಿ."

ಉದುರಲಿಲ್ಲ. ಹಣೆಗೆ ಹಚ್ಚಿದ್ದಾದರೆ ಬೆವರಿಗೆ ಅಳಿಯುತ್ತದೆ. ನಾನು ಬೆವರುವುದಿಲ್ಲ. ಗಂಧ ಒಣಗಿ ಗಚ್ಚಿನ ಹಾಗೆ ಕೂತಿತು. ಎಂಜಿನ್ ಬಿಸಿಯಾಗಿ ಗಾಡಿ ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ನನ್ನ ಮುಳ್ಳು ಇಳಿದು ಕುಂಕುಮದ ಹಿಂದೆ ಹೋಗುತ್ತಿತ್ತು. "ನೋಡ್ರಿ, ದೇವರಿಗೆ ನಮಸ್ಕಾರ ಮಾಡಾಕ ಹೊಂಟೇತಿ" ಎಂದು ನೀಲಮ್ಮನವರು ನಗುತ್ತಿದ್ದರು. ಇಪ್ಪತ್ತೈದಕ್ಕೆ ಇಳಿಯುತ್ತದೆ ಎಂದು ಮಿಸ್ತ್ರಿ ಮೊದಲೇ ಹೇಳಿದ್ದರಲ್ಲ, ಮಾಸ್ತರರೂ ನಗುತ್ತಿದ್ದರು. ನನಗೂ ಆಗ ಅದು ತಮಾಷೆಯಾಗಿಯೇ ಇತ್ತು.

ಶಿವರಾತ್ರಿ ಕಳೆದು ಬಿಸಿಲು ಏರಿತು. ಇಪ್ಪತ್ತೆಂಟು ವರ್ಷ ದುಡಿದ ಎಂಜಿನ್ನಿನ ಬೇರಿಂಗುಗಳು ಸವೆಯತೊಡಗಿದ್ದವು. ಸವೆದ ಸಂದಿಯಿಂದ ಎಣ್ಣೆ ಜಾರಿಹೋಗಿ ಒತ್ತಡ ಇಳಿಯತೊಡಗಿತು. ಕುಂಕುಮದ ಹಿಂದೆ ನಿಂತು ನಾನು ಹದಿನೆಂಟು ಅಂದೆ. ಹದಿನೈದು ದಿನ ಬಿಟ್ಟು ಹನ್ನೆರಡು ಅಂದೆ. ನನ್ನ ಮಾತು ಯಾರಿಗೂ ಕಾಣಲಿಲ್ಲ. ಇಡೀ ಜನ್ಮವೇ ಒಂದು ಮಾತು ಹೇಳುವುದಕ್ಕಾಗಿ ಆಗಿದ್ದು, ಆ ಮಾತನ್ನು ಹೇಳಿಯೂ ಕೇಳಿಸದೆ ಹೋದರೆ ಎಷ್ಟು ಸಂಕಟ ಎಂದು ನಾನು ಬಲ್ಲೆ.

ಒಂದು ಮಧ್ಯಾಹ್ನ ರೋಣದಿಂದ ಬರುವಾಗ ನೀಲಮ್ಮನವರು ಗಂಡನ ತೋಳು ಹಿಡಿದರು. "ರೀ, ಅವಲಕ್ಕಿ ಕುಟ್ಟಿದಂಗ ಸಪ್ಪಳ ಬರಾಕತ್ತೇತಲ್ರೀ." ಮಾಸ್ತರರು ಕಿವಿಗೊಟ್ಟರು. ಗಾಡಿಯನ್ನು ನಿಧಾನಕ್ಕೆ, ಎತ್ತಿನ ಚಕ್ಕಡಿಯ ಹಾಗೆ ನಡೆಸಿಕೊಂಡು ಸೀದಾ ಗ್ಯಾರೇಜಿಗೆ ತಂದರು.

ಮಿಸ್ತ್ರಿ ಬಾನೆಟ್ ಎತ್ತಿದರು. ಸ್ಕ್ರೂಡ್ರೈವರ್ ಹಚ್ಚಿ, ಹಿಡಿಕೆಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿದರು. ಎಂಜಿನ್ ಡಕ್ ಡಕ್ ಡಕ್ ಎಂದು ಒಳಗಿನಿಂದ ಬಡಿಯುತ್ತಿತ್ತು. ಪಕ್ಕದ ಟೈರಿನ ಅಂಗಡಿಯ ಫಕ್ಕೀರಪ್ಪ ಆ ಸಪ್ಪಳಕ್ಕೆ ಕೆಲಸ ಬಿಟ್ಟು ಬಂದು ನಿಂತ. ಮಿಸ್ತ್ರಿ ಕಣ್ಣು ತೆರೆದು ಹೇಳಿದರು:

"ಏನಿಲ್ರಿ ಮಾಸ್ತರ. ಹಾಲಿನಂಗ ಓಡಾಕತ್ತೇತಿ."

ಮಾಸ್ತರರು ನೆಲ ನೋಡಿದರು, ಫಕ್ಕೀರಪ್ಪ ಆಕಾಶ ನೋಡಿದ. ಇನ್ನು ಸ್ವಲ್ಪ ಹೊತ್ತು ಹೀಗೇ ಓಡಿದರೆ ಎಂಜಿನ್ ಹೋಗುತ್ತದೆ. ಬಾಯಿಬಿಟ್ಟು ಹೇಳಿದರೆ ಮಿಸ್ತ್ರಿಯ ಹೆಸರು ಹೋಗುತ್ತದೆ, ಅದೂ ಪಕ್ಕದ ಅಂಗಡಿಯವನ ಎದುರಿಗೆ. ಕಾರಿನೊಳಗೆ ಕೂತಿದ್ದ ನೀಲಮ್ಮನವರು ನನ್ನನ್ನೇ ದಿಟ್ಟಿಸಿದರು. "ಇದರ ನಮಸ್ಕಾರ ಯಾಕೋ ಮುಗಿಯಾಕ ಒಲ್ದು" ಎಂದು ಗೊಣಗಿದರು. ಸೆರಗಿನ ತುದಿಯನ್ನು ನಾಲಿಗೆಗೆ ಹಚ್ಚಿ ಒದ್ದೆ ಮಾಡಿ, "ತಪ್ಪಾತಪ್ಪಾ ಶಿವನ" ಎಂದು, ತಾವೇ ಇಟ್ಟ ಬೊಟ್ಟನ್ನು ತಾವೇ ಗಸಗಸ ಉಜ್ಜಿ ತೆಗೆದರು. ನನ್ನ ಮುಳ್ಳು ಆರರಲ್ಲಿ ಬಿದ್ದುಕೊಂಡಿತ್ತು.

"ದಸ್ತಗೀರಸಾಬರ, ಇಲ್ಲಿ ನೋಡ್ರಿ" ಎಂದು ಕೈ ಬೀಸಿ ಕರೆದರು. ಮಿಸ್ತ್ರಿ ಬಂದು ಬಗ್ಗಿ ನೋಡಿದರು. ನೋಡುತ್ತಲೇ ನಿಂತರು.

ಆಗ ಮಾಸ್ತರರು ಓಡಿ ಬಂದು ಗಟ್ಟಿಯಾಗಿ, "ಮೀಟರ್ ಕೆಟ್ಟೇತಿ ಬಿಡ್ರಿ! ಹುಬ್ಬಳ್ಳಿಯಾಂವ ಹಳೇ ಮಾಲು ಕಟ್ಟಿ ಕಳಿಸ್ಯಾನ. ನೀವು ಹೇಳಿದ್ದ ಖರೆ" ಎಂದುಬಿಟ್ಟರು.

ನಾನು ಕೆಟ್ಟಿದ್ದೇನಂತೆ! ಸಿಟ್ಟಿಗೆ ನನ್ನ ಗಾಜು ಒಡೆಯುವುದೊಂದು ಬಾಕಿ. ಆಮೇಲೆ ಮಾಸ್ತರರ ಮುಖ ಕಂಡೆ. ಬೆವರು ಇಳಿಯುತ್ತಿತ್ತು. ತನ್ನ ಎಂಜಿನ್ ಹಾಳಾದರೂ ಆಗಲಿ, ಗೆಳೆಯನ ಮರ್ಯಾದೆ ಉಳಿಯಲಿ ಎಂದು ಸುಳ್ಳು ಹೇಳುತ್ತಿದ್ದರು. ನನ್ನಂಥ ಮುಲಾಜಿಲ್ಲದವನಿಗೂ ಆ ಸುಳ್ಳಿನ ಮೇಲೆ ಸಿಟ್ಟು ಉಳಿಯಲಿಲ್ಲ.

ಮಿಸ್ತ್ರಿ ಆ ಮಾತಿಗೆ ಹೂಂ ಎಂದಿದ್ದರೆ ಎಲ್ಲ ಮುಗಿಯುತ್ತಿತ್ತು. ಅವರು ಹೂಂ ಎನ್ನಲಿಲ್ಲ. ಮತ್ತೆ ಎಂಜಿನ್ನಿನ ಹತ್ತಿರ ಹೋದರು. ಸ್ಕ್ರೂಡ್ರೈವರಿನ ತುದಿಯನ್ನು ಒತ್ತಿ ಹಿಡಿದು, ಹಿಡಿಕೆಯನ್ನು ಈ ಸಲ ಕಿವಿಗಲ್ಲ, ಬಾಯಿಗೆ ತಂದು ಹಲ್ಲಿನಲ್ಲಿ ಗಟ್ಟಿಯಾಗಿ ಕಚ್ಚಿದರು. ಬಡಿತ ಕಬ್ಬಿಣ ಏರಿ, ಕಟ್ಟಿಗೆ ಏರಿ, ಅವರ ದವಡೆಯೊಳಗೆ ಬಡಿದಿರಬೇಕು. ಕಣ್ಣು ಅಗಲವಾದವು. ಹಿಡಿಕೆ ಬಿಟ್ಟು ಕೈಸನ್ನೆ ಮಾಡಿದರು. ಮಾಸ್ತರರು ಎಂಜಿನ್ ಬಂದ್ ಮಾಡಿದರು.

"ಮೀಟರ್ ಖರೆ ಐತ್ರಿ ಮಾಸ್ತರ" ಎಂದರು ಮಿಸ್ತ್ರಿ, ನಿಧಾನವಾಗಿ. "ಎರಡನೇ ಬೇರಿಂಗ್ ಹೋಗೇತಿ. ಕೆಟ್ಟಿದ್ದು ನನ್ನ ಕಿವಿ. ಒಂದು ವರ್ಷಾತು. ನಿಮಗೆಲ್ಲಾ ಗೊತ್ತಾದ್ರ ಏನು ಗತಿ ಅಂತ ಮುಚ್ಚಿಟ್ಟಿದ್ದೆ."

ಫಕ್ಕೀರಪ್ಪ ಮಿಸ್ತ್ರಿಯ ಕಿವಿಯ ಹತ್ತಿರ ಬಂದು ಇಡೀ ಓಣಿಗೆ ಕೇಳುವ ಹಾಗೆ ಒದರಿದ:

"ನಮಗ ಯಾವಾಗೋ ಗೊತ್ತೈತಿ ಕಾಕಾ! ವರ್ಷಾತು, ಓಣಿ ಮಂದಿ ಎಲ್ಲಾ ನಿನ್ನ ಮುಂದ ಒದರೇ ಮಾತಾಡ್ತೇವಿ. ನಿನಗ ಗೊತ್ತಾಗಿಲ್ಲ ಅಷ್ಟ!"

ನೀಲಮ್ಮನವರು ಮೊದಲು ನಕ್ಕರು, ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಕುಂಕುಮವೆಲ್ಲ ಮುಖಕ್ಕೆ ಹತ್ತಿತು. ಮಿಸ್ತ್ರಿ ಎಂಜಿನ್ನಿನ ಮೇಲೆ ಕೈಯೂರಿ ನಿಂತು ಅತ್ತರು, ಆಮೇಲೆ ಅವರೂ ನಕ್ಕರು. ನಾಲ್ಕು ದಿನ ಕೂತು ಎಂಜಿನ್ನಿನ ತಳ ಬಿಚ್ಚಿ ಬೇರಿಂಗ್ ಬದಲಿಸಿದರು. ಸಾವಿರಾರು ಮೈಲಿ ಬಾಳುವಂಥ ಕೆಲಸ ಅದು.

ಎಲ್ಲರೂ ಫಕ್ಕೀರಪ್ಪನ ಹಾಗಿರಲಿಲ್ಲ. ಕೆಲವು ಗಿರಾಕಿಗಳು ಬಿಟ್ಟುಹೋದರು, ಮುಖ್ಯವಾಗಿ ಹೊಸ ಗಾಡಿಯವರು. ಹಳಬರು ಉಳಿದರು. ಐದು ವರ್ಷದ ಮೇಲೆ ಮಾಸ್ತರರು ಕಾರನ್ನು ತಂಗಿಯ ಮಗನಿಗೆ ಕೊಟ್ಟರು. ಕೊಡುವ ಮೊದಲು ಗ್ಯಾರೇಜಿಗೆ ತಂದು, "ಮೀಟರ್ ಅಷ್ಟ ಬಿಚ್ಚಿಕೋರಿ. ಇದನ್ನ ತಂದಿದ್ದು ಕಾರಿಗಲ್ಲ, ನಿಮಗ" ಎಂದು ಕೂಗಿ ಹೇಳಿದರು. ಮಿಸ್ತ್ರಿ ನನ್ನನ್ನು ಬಿಚ್ಚಿ ಒಂದು ಹಲಗೆಗೆ ಕೂಡಿಸಿ, ಉದ್ದನೆಯ ರಬ್ಬರಿನ ಪೈಪು ಜೋಡಿಸಿದರು. ಅಂದಿನಿಂದ ಗ್ಯಾರೇಜಿಗೆ ಬಂದ ಪ್ರತಿ ಎಂಜಿನ್ನಿನ ಎಣ್ಣೆ ನನ್ನ ಹೊಟ್ಟೆಗೆ ಬಂದು ಹೋಗಿದೆ. ಮಿಸ್ತ್ರಿ ಹಲ್ಲಿನಲ್ಲಿ ಕೇಳುತ್ತಾರೆ, ನನ್ನಲ್ಲಿ ನೋಡುತ್ತಾರೆ, ಆಮೇಲೆ ಬಾಯಿ ತೆರೆಯುತ್ತಾರೆ.

ಈಗ ನನಗೂ ವಯಸ್ಸಾಯಿತು. ಗಾಜು ಸೀಳಿದೆ. ಹೊಟ್ಟೆಯೊಳಗಿನ ಕೊಳವೆ ದಣಿದು, ಎಂಜಿನ್ ಬಂದ್ ಇದ್ದರೂ ಮುಳ್ಳು ಸೊನ್ನೆಗೆ ಹೋಗದೆ ಐದರಲ್ಲೇ ನಿಲ್ಲುತ್ತದೆ. ಜೀವಮಾನವಿಡೀ ಖರೆ ಹೇಳಿದವನಿಗೆ ಇದು ನುಂಗಲಾಗದ ನಾಚಿಕೆ. ಮೊನ್ನೆ ಒಬ್ಬ ಗಿರಾಕಿ ನನ್ನನ್ನು ನೋಡಿ, "ಸುಮ್ನ ನಿಂತಾಗನೂ ಐದು ತೋರಸ್ತೈತಿ, ಸುಳ್ಳ ಮೀಟರ್. ಗುಜರಿಗೆ ಹಾಕ್ರಿ ಇದನ್ನ" ಎಂದು ಜೋರಾಗಿ ಹೇಳಿದ. ನಾನು ಮೈ ಬಿಗಿಹಿಡಿದೆ.

ಮಿಸ್ತ್ರಿ ಹಲಗೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು.

"ಗುಜರಿಗೆ ಯಾಕ್ರಿ? ತೋರಿಸಿದ್ದರಾಗ ಐದು ಕಳದು ಓದೂದು. ನೀವು ನನ್ನ ಮುಂದ ಒದರಿ ಮಾತಾಡೂದಿಲ್ಲೇನು, ಹಂಗ."

ಅಂಗಿಯ ತೋಳಿನಿಂದ ನನ್ನ ಮುಖ ಒರೆಸಿ, ಮುಂದಿನ ಗಾಡಿಗೆ ಪೈಪು ಹಚ್ಚಿದರು. ಮುಳ್ಳು ಮೂವತ್ತಕ್ಕೆ ಏರಿತು. "ಇಪ್ಪತ್ತೈದು" ಎಂದರು ಮಿಸ್ತ್ರಿ. ಇಪ್ಪತ್ತೈದೇ ಇತ್ತು.