ಕಾಂತೇಶನ ದನಿ ಮನೆಗೆ ಬಂದ ಭಾನುವಾರ

ಆ ಭಾನುವಾರ ಬೆಳಿಗ್ಗೆ ಮರಳೂರಿನ ಮೇಲೆ ಮಂಜು ಎಷ್ಟು ದಟ್ಟವಾಗಿ ಕವಿದಿತ್ತೆಂದರೆ, ಹಾಲಿನವನ ಗಾಡಿಯ ಸದ್ದು ಬಾಗಿಲಿಗೆ ಬಂದರೂ ಹಾಲಿನವನು ಕಾಣುತ್ತಿರಲಿಲ್ಲ. ಶಾಂತಲಾ ಹೊಸ್ತಿಲಿಗೆ ನೀರು ಹಾಕಿ ಒಳಗೆ ಬಂದಳು. ಇವತ್ತು ಗಂಡನ ದನಿಯನ್ನು ಮನೆಗೆ ತರುವುದಿತ್ತು.

ಕಾಂತೇಶ ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ. ಮಗಳು ಪೂಜಾಗೆ ಅಪ್ಪನ ಕತೆಯಿಲ್ಲದೆ ನಿದ್ದೆ ಬರದು. ರಾತ್ರಿ ಪಾಳಿಯಿದ್ದಾಗ ಫೋನನ್ನು ಗೇಟಿನಲ್ಲೇ ಕೊಟ್ಟು ಒಳಗೆ ಹೋಗಬೇಕು. ಹಾಗಾಗಿ ಅವನು ಸ್ಟೋರಿನ ಕಂಪ್ಯೂಟರಿನಲ್ಲಿ ಕತೆ ಹೇಳಿ, ರೆಕಾರ್ಡ್ ಮಾಡಿ, ಆಫೀಸಿನ ಮೇಲ್‌ನಿಂದ ಹೆಂಡತಿಗೆ ಕಳಿಸುತ್ತಿದ್ದ. ಕತೆಯ ಹಿಂದೆ ಯಾವುದೋ ಯಂತ್ರ ಬುಸ್ಸೆಂದು ಉಸಿರು ಬಿಡುವುದು ಕೇಳುತ್ತಿತ್ತು. ಹುಲಿ ಬರುವ ಕಡೆ ಅವನು ಬೇಕೆಂದೇ ಸುಮ್ಮನಾಗಿ ಅದಕ್ಕೆ ಅವಕಾಶ ಕೊಡುತ್ತಿದ್ದ. ಮಗು ಮಲಗಿದ ಮೇಲೆ ಶಾಂತಲಾ ಆ ಕತೆಯನ್ನು ತನ್ನ ಫೋನಿನಿಂದ ಅಳಿಸುತ್ತಿದ್ದಳು. ಫೋನು ತುಂಬಿದೆ, ನಾಳೆಗೆ ಹೊಸದು ಬರುತ್ತದಲ್ಲ ಎಂದು. ನಾಳೆ ಎನ್ನುವುದು ನಮ್ಮ ಕೈಯಲ್ಲಿರುವಂತೆ ಮಾತಾಡುತ್ತೇವೆ. ಭಗವಂತ ಕೇಳಿಸಿಕೊಂಡು ಸುಮ್ಮನಿರುತ್ತಾನೆ. ಕಳೆದ ಆಷಾಢದಲ್ಲಿ ಹೆದ್ದಾರಿಯಲ್ಲಿ ಲಾರಿಯೊಂದು ಅವನ ಬೈಕಿಗೆ ಬಡಿಯಿತು.

ಈಗ ಆ ಕತೆಗಳು ಉಳಿದಿದ್ದು ಆಫೀಸಿನ ಮೇಲ್‌ನಲ್ಲಿ ಮಾತ್ರ. ಕಾರ್ಖಾನೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ದಯಾನಂದ ಹಿಂದಿನ ದಿನ ಫೋನು ಮಾಡಿದ್ದ. “ಅಮ್ಮಾ, ಸ್ಟೋರಿನ ಮೇಲ್‌ನ ಸೋಮವಾರ ಹೊಸಬರಿಗೆ ಕೊಡ್ತಾರೆ. ಪಾಸ್‌ವರ್ಡ್ ಕಳಿಸ್ತೀನಿ, ನಿಮ್ಮವರದ್ದು ಏನಿದ್ಯೋ ನಿಮ್ಮ ಕಂಪ್ಯೂಟರಿಗೆ ತಗೊಂಡ್ಬಿಡಿ.”

ಬಿಸಿಲು ಬರುವ ಹೊತ್ತಿಗೆ ಶಾಂತಲಾಳ ತಮ್ಮ ನಾಗೇಶ್ ಗುಬ್ಬಿಯಿಂದ ಬಂದ. ಅಲ್ಲಿ ಅವನು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮನೆಯ ಹಳೆಯ ಲ್ಯಾಪ್‌ಟಾಪನ್ನು ಚಾಪೆಯ ಮೇಲಿಟ್ಟುಕೊಂಡು ಮೇಲ್ ಪ್ರೋಗ್ರಾಮೊಂದನ್ನು ಇಳಿಸತೊಡಗಿದ. ಕಾಂತೇಶನ ತಾಯಿ ನರಸಿಂಹಮ್ಮ ಅವರೆಕಾಯಿ ಸುಲಿಯುತ್ತಾ ಪಕ್ಕದಲ್ಲಿ ಕೂತಳು. ಕುಣಿಗಲ್ ಕಡೆಯ ಹಳ್ಳಿಯಿಂದ ಮಗನ ಮಣ್ಣಿಗೆ ಬಂದವಳು ಮತ್ತೆ ಹೋಗಿರಲಿಲ್ಲ.

“ಅಷ್ಟು ದೂರದಿಂದ ಸಾಗ್ಸಕ್ಕೆ ಟೆಂಪೋ ಬೇಡ್ವೇನ್ಲಾ?”

“ಬೇಡ ಕಣತ್ತೆ, ಕೂತಲ್ಲಿಗೇ ಬರ್ತದೆ. ಈ ಲ್ಯಾಪ್‌ಟಾಪ್ ಎದ್ದೇಳ್ಬೇಕು ಅಷ್ಟೆ. ಈ ಮನೇಲಿ ಇದೊಂದೇ ಸೋಂಬೇರಿ.”

“ನೀನೂ ಬಂದಿದೀಯಲ್ಲ ಮಾವ,” ಎಂದಳು ಪೂಜಾ.

ಪಾಸ್‌ವರ್ಡ್ ಹಾಕಿದ ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಸಾಲುಗಳು ಒಂದೊಂದಾಗಿ ಇಳಿದವು. ನಾಗೇಶ್ ಒಂದನ್ನು ಒತ್ತಿದ. “ಬಂಗಾರಿ, ಮಲಗ್ಬಿಟ್ಯಾ?” ಎಂದಿತು ಕಾಂತೇಶನ ದನಿ. ಪೂಜಾ ತಲೆಯಾಡಿಸಿ ಇಲ್ಲವೆಂದಳು. ನರಸಿಂಹಮ್ಮನ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು. ಶಾಂತಲಾ, “ಸಾಕು, ನಿಲ್ಸೋ,” ಎಂದು ಒಳಗೆ ಹೋದಳು.

“ಎಲ್ಲಾ ಬಂತಕ್ಕ,” ಎಂದು ಕೂಗಿ ಹೇಳಿದ ನಾಗೇಶ್. “ಇನ್ನು ಯಾರ ಹಂಗೂ ಇಲ್ಲ.” ಮಧ್ಯಾಹ್ನ ಅಂಗಡಿ ತೆಗೆಯಬೇಕೆಂದು ಬಸ್ಸಿಗೆ ಹೊರಟ.

“ಎಲ್ಲಾ ಕತೆ ಹಾಕಮ್ಮ,” ಎಂದು ಪೂಜಾ ಸೆರಗು ಹಿಡಿದಳು.

“ಉಂಡ ಮೇಲೆ. ಬೇಕಾದಷ್ಟು ಕೇಳ್ವಂತೆ.”

ಬಾಡಿಗೆ ಮನೆ ಬಿಡುವಾಗ ಗುಡಿಸಿ, ತೊಳೆದು, ತಮ್ಮದೆನ್ನುವ ಒಂದು ಕಡ್ಡಿಯನ್ನೂ ಉಳಿಸದೆ ಬೀಗ ಕೊಡುವುದು ನರಸಿಂಹಮ್ಮನ ಮನೆತನದ ಪದ್ಧತಿ. ಬಿಟ್ಟುಬಂದ ವಸ್ತುವಿನ ಜೊತೆ ಜೀವವೂ ಅಲ್ಲೇ ಸುತ್ತುತ್ತದೆ ಎಂದು ಹಿರಿಯರು ನಂಬಿದ್ದರು. ನರಸಿಂಹಮ್ಮ ಸೊಸೆಯನ್ನು ಕರೆದು ಕೇಳಿದಳು: “ಸಾಮಾನು ಬಂತು. ಆ ಕಡೆ ಏನಾದ್ರೂ ಉಳಿದದಾ?”

ಶಾಂತಲಾ ತನ್ನ ಫೋನಿನಲ್ಲಿ ಅದೇ ಪಾಸ್‌ವರ್ಡ್ ಹಾಕಿ ಆಫೀಸಿನ ಮೇಲ್ ತೆರೆದಳು. “ಅಲ್ಲೂ ಹಂಗೇ ಕಾಣ್ತದೆ ಅತ್ತೆ.”

“ಹಂಗ್ ಬುಡಬಾರ್ದು ಕಣವ್ವ. ನಾಳೆ ಬರೋನು ಸತ್ತೋನ ಸಾಮಾನು ತುಳ್ಕಂಡು ಓಡಾಡಬಾರ್ದು. ನನ್ ಮಗ ಅಲ್ಲೇ ಸುತ್ತಬಾರ್ದು.”

ಶಾಂತಲಾಗೂ ಅದು ಸರಿಯೆನಿಸಿತು. ಫೋನಿನಲ್ಲೇ ಗಂಡನ ಕತೆಗಳನ್ನೆಲ್ಲ ಗುರುತು ಮಾಡಿ ಅಳಿಸಿದಳು. ಅಳಿಸಿದ್ದು ಕಸದ ಬುಟ್ಟಿಯಲ್ಲಿ ಬಿದ್ದಿತ್ತು. ಅದನ್ನೂ ಖಾಲಿ ಮಾಡಿದಳು. ನರಸಿಂಹಮ್ಮ ಯಡಿಯೂರಿನ ದೇವರ ದಿಕ್ಕಿಗೆ ಕೈಮುಗಿದು, “ಹೋಗಪ್ಪ, ಇನ್ನು ನೆಮ್ಮದಿಯಾಗಿರು,” ಎಂದಳು.

ಊಟಕ್ಕೆ ಬಡಿಸಿಟ್ಟು ಶಾಂತಲಾ ಲ್ಯಾಪ್‌ಟಾಪಿನಲ್ಲಿ ಮತ್ತೆ ಪ್ರೋಗ್ರಾಮ್ ತೆರೆದಳು. ಕತೆಗಳ ಸಾಲುಗಳು ಇದ್ದವು. ಅವಳು ನೋಡುತ್ತಿದ್ದಂತೆ, ಯಾರೋ ಒದ್ದೆ ಬಟ್ಟೆಯಿಂದ ಸ್ಲೇಟು ಒರೆಸಿದ ಹಾಗೆ, ಒಟ್ಟಿಗೆ ಹೋದವು.

ಅವಳು ಫೋನು ಮಾಡಿದಾಗ ನಾಗೇಶ್ ಬಸ್ಸಿನಲ್ಲಿದ್ದ. “ಅಳಿಸಿದ್ಯಾ? ಆ ಕಡೆಯಿಂದಾನಾ?” ಎಂದು ಕೇಳಿ, ಆಫೀಸಿನವರನ್ನೇ ವಿಚಾರಿಸು ಎಂದ. ಅವಳು ದಯಾನಂದನಿಗೆ ಫೋನು ಮಾಡಿದಳು.

“ಆ ಪ್ರೋಗ್ರಾಮ್ ಅಲ್ಲಿರೋದನ್ನ ಇಲ್ಲಿ ತೋರಿಸ್ತಾ ಇತ್ತಮ್ಮ, ಅಷ್ಟೆ,” ಎಂದ ಅವನು ಮೆಲ್ಲಗೆ. “ಅಲ್ಲಿ ಹೋದ್ರೆ ಇಲ್ಲೂ ಹೋಗ್ತದೆ. ಲ್ಯಾಪ್‌ಟಾಪ್‌ನಲ್ಲೇ ಬೇರೆ ಫೋಲ್ಡರ್ ಮಾಡಿ ಅದಕ್ಕೆ ಎಳ್ಕೋಬೇಕಿತ್ತು. ಕಸದ ಬುಟ್ಟೀಲಿ ನೋಡಿದ್ರಾ?”

“ಅದನ್ನೂ ತೊಳೆದೆ ಸಾರ್.”

“ನಮ್ಮಲ್ಲಿ ಬೇರೆ ಕಾಪಿ ಇಡಲ್ಲಮ್ಮ,” ಎಂದ ದಯಾನಂದ.

ಶಾಂತಲಾ ಫೋನು ಕೆಳಗಿಟ್ಟಳು. ಅತ್ತೆಗೆ ಏನನ್ನೂ ಹೇಳುವ ಅಗತ್ಯವಿರಲಿಲ್ಲ. ನರಸಿಂಹಮ್ಮ ಗೋಡೆ ಹಿಡಿದು ಕೂತಿದ್ದಳು. “ಎಲ್ಡ್ ಸತಿ ಕಳಿಸ್ದಂಗಾಯ್ತು ನನ್ ಕೈಯಾರೆ,” ಎಂದಳು. ಸೊಸೆ ಬೈಯಲಿಲ್ಲ. ಬೈದಿದ್ದರೆ ಇಬ್ಬರಿಗೂ ಹಗುರವಾಗುತ್ತಿತ್ತೇನೋ.

ಪೂಜಾ ಕೈ ತೊಳೆದು ಬಂದು ಲ್ಯಾಪ್‌ಟಾಪಿನ ಮುಂದೆ ಕೂತಳು. “ಉಂಡಾಯ್ತು. ಹಾಕಮ್ಮ.”

ಶಾಂತಲಾ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದಳು. ಹೇಳಿದವಳು ನರಸಿಂಹಮ್ಮ. “ಅಪ್ಪನ ದನಿ ಹೋಯ್ತು ಮಗ. ಅಜ್ಜಿ ತಪ್ಪು ಮಾಡ್ತು. ಬಾ, ನಾನು ಹೇಳ್ತೀನಿ.”

“ನಂಗೆ ಅಪ್ಪನ ಕತೇನೇ ಬೇಕು.”

“ಅವೂ ನನ್ನವೇ ಕಣವ್ವ. ನಿನ್ನಷ್ಟುದ್ದ ಇದ್ದಾಗ ನನ್ ತಾವೇ ಇಸ್ಕಂಡಿದ್ದ.”

ಮಗು ಬಾಗಿಲಾಚೆಯ ಬಿಸಿಲನ್ನು ನೋಡಿತು. “ಹಗಲೊತ್ತು ಕತೆ ಹೇಳಿದ್ರೆ ದಾರೀಲಿರೋರು ದಾರಿ ತಪ್ತಾರೆ ಅಂತ ಅಪ್ಪ ಹೇಳ್ತಿತ್ತು.”

“ನಮ್ಮೋರು ಯಾರೂ ಈಗ ದಾರೀಲಿಲ್ಲ ಬುಡು.”

ನರಸಿಂಹಮ್ಮ ಶುರುಮಾಡಿದಳು. ಒಂದೂರಲ್ಲಿ ಒಬ್ಬ ಕುರಿ ಕಾಯೋನು ಇದ್ದ. ಪೂಜಾ ಮುಖವನ್ನು ಗೋಡೆಗೆ ತಿರುಗಿಸಿಕೊಂಡು ಮಲಗಿದಳು. ಕೇಳುವವರು ಹೂಂಗುಟ್ಟದಿದ್ದರೆ ಕತೆ ಮುಂದಕ್ಕೆ ಹೋಗುವುದಿಲ್ಲ. ನರಸಿಂಹಮ್ಮ ಒಂದು ಮಾತು ಹೇಳಿ ನಿಂತಳು, ಕಾದಳು. ಅವನಿಗೆ ಒಬ್ಬ ಮಗ ಇದ್ದ, ಎಂದಳು. ಮತ್ತೆ ನಿಂತಳು. ಅವಳ ದನಿ ಒಡೆದಿತ್ತು, ಅದು ಕಾಂತೇಶನ ದನಿಯಂತೆ ಸ್ವಲ್ಪವೂ ಇರಲಿಲ್ಲ. ಒಂದಿನ ಆ ಮಗ ಮಂದೆ ಹೊಡ್ಕಂಡು ಹೋದೋನು ಸಂಜೆಯಾದ್ರೂ ಬರ್ಲಿಲ್ಲ, ಎಂದು ಹೇಳಿ, ಮುಂದಿನದು ನೆನಪಿದ್ದರೂ, ಬಾಯಿ ಮುಚ್ಚಿ ಕೂತಳು.

ಗೋಡೆಯ ಕಡೆಯಿಂದ, ಬಹಳ ಹೊತ್ತಿನ ಮೇಲೆ, ಪೂಜಾ ಸಣ್ಣಗೆ “ಹೂಂ” ಎಂದಳು.