ಸೀಸದ ತೊಟ್ಟಿಗೆ ಮೈಲುತುತ್ತು

ರಾಜಸ್ಥಾನದ ಗಣಿಯಿಂದ ರಜೆಗೆಂದು ಸಿಂದಗಿಗೆ ಬಂದಿದ್ದ ಗುರುನಾಥ, ಅಲ್ಲಿ ಜೊತೆಗೆ ದುಡಿದಿದ್ದ ಮಂಜೂರನಿಗೆ ನಿಜ ಹೇಳಿಯೇ ಮರಳಬೇಕೆಂದು ಇಂಡಿಯ ಬಸ್ಸು ಹತ್ತಿದ್ದ. ಮಂಜೂರ ಕೂಲಿ ಮಾಡುವ ನಿಂಬೆತೋಟದ ಬದುವಿಗೆ ಬಂದವನು ಅಲ್ಲೇ ನಿಂತುಬಿಟ್ಟ.

ಗಣಿಯಲ್ಲಿ ಇಬ್ಬರದೂ ಒಂದೇ ಕೆಲಸವಾಗಿತ್ತು. ಪುಡಿಮಾಡಿದ ಅದಿರನ್ನು ನೀರಲ್ಲಿ ಕಲಸಿ, ಗಾಳಿ ಊದಿ ನೊರೆ ಎಬ್ಬಿಸುವ ತೊಟ್ಟಿಗಳಿಗೆ ಔಷಧ ಬಿಡುವುದು. ಒಂದು ಔಷಧ ಸತುವನ್ನು ಕೆಳಗೇ ಅಡಗಿಸಿಡುತ್ತದೆ, ಇನ್ನೊಂದು ಸೀಸವನ್ನು ನೊರೆಗೆ ಹತ್ತಿಸಿ ಮೇಲೆ ತರುತ್ತದೆ. ಸೀಸ ತೆಗೆದಾದ ಮೇಲೆ ಮುಂದಿನ ತೊಟ್ಟಿಗೆ ಮೈಲುತುತ್ತು ಬಿಟ್ಟರೆ ಆಗ ಸತು ಏಳುತ್ತದೆ. ಸರದಿ ತಪ್ಪಿದರೆ ಎರಡೂ ಕಲೆತು ಮಾಲು ಕೆಡುತ್ತದೆ.

ಗುರುನಾಥ ಲಿಂಗಪೂಜೆಗೆ ಕೂತರೆ ಅವನ ತೊಟ್ಟಿಗಳನ್ನು ಮಂಜೂರ ಕಾಯುತ್ತಿದ್ದ. ಮಂಜೂರ ನಮಾಜಿಗೆ ಹೋದರೆ ಗುರುನಾಥ. ಹೋದ ಶ್ರಾವಣದ ಒಂದು ಸಂಜೆ ಪೂಜೆ ಮುಗಿಸಿ ಬಂದ ಗುರುನಾಥ, ಮಂಜೂರ ನಮಾಜಿಗೆ ಹೊರಟೊಡನೆ, ಹಣೆಯ ವಿಭೂತಿ ಆರುವ ಮುಂಚೆಯೇ, ವಚನ ಗುನುಗುತ್ತ ಸೀಸದ ತೊಟ್ಟಿಗೇ ಮೈಲುತುತ್ತಿನ ನಲ್ಲಿ ತಿರುವಿಬಿಟ್ಟ. ನೊರೆ ಕಂದಿದ್ದು ಕಂಡು ಮುಚ್ಚುವಷ್ಟರಲ್ಲಿ ಆಗುವುದು ಆಗಿತ್ತು. ಆ ತಾಸಿನಲ್ಲಿ ಮಂಜೂರ ಅಲ್ಲಿದ್ದನೇ ಎಂದು ಸಾಹೇಬರು ವಿಚಾರಣೆಯಲ್ಲಿ ಕೇಳಿದರು. ಇದ್ದನೆಂದ. ಅದು ಸುಳ್ಳಲ್ಲ. ಮುಂದಿನದನ್ನು ಅವರು ಕೇಳಲಿಲ್ಲ, ಇವನು ಹೇಳಲಿಲ್ಲ. ಮಂಜೂರನನ್ನು ಕೆಲಸದಿಂದ ತೆಗೆದರು. ಅಂದಿನಿಂದ ಅಂಗೈಯೊಳಗಿನ ಲಿಂಗವನ್ನು ದಿಟ್ಟಿಸಿ ನೋಡಲು ಗುರುನಾಥನಿಗೆ ಆಗಿರಲಿಲ್ಲ.

ಮಂಜೂರ ಈಗ ನಿಂಬೆಗಿಡಗಳಿಗೆ ಔಷಧ ಹೊಡೆಯುವ ಕೂಲಿಗೆ ಹೋಗುತ್ತಿದ್ದ. ಇವನನ್ನು ಕಂಡು ನಕ್ಕ; ಗಣಿಯ ಕ್ಯಾಂಟೀನಿನ ಸಾರು ಇನ್ನೂ ಉಪ್ಪುಪ್ಪೇ ಏನು ಎಂದು ಕೇಳಿದ. ಬೆನ್ನಿನ ಪಂಪು ಖಾಲಿಯಾದಾಗ, ಪುಡಿ, ತಕ್ಕಡಿ ಕಾಲ ಬುಡದಲ್ಲೇ ಇದ್ದರೂ, ತೋಟದ ಒಡತಿ ಗುಂಡವ್ವನನ್ನು ಕೂಗಿದ. ಮುದುಕಿ ಗೊಣಗುತ್ತಲೇ ಬಂದಳು.

"ಇವಂದೊಂದ್ ನೋಡಪಾ. ಗಣಿಯಾಗ ಔಷಧಾ ಅಳದಾಂವಂತ, ಇಲ್ಲಿ ತಕ್ಕಡಿ ಹಿಡಿಯಾಕ ನಾ ಬರಬೇಕು."

"ಈ ಕೈ ಒಮ್ಮೆ ಎಲ್ಲಾ ಕೆಡಿಸೇತಿ ಬೇ," ಎಂದ ಮಂಜೂರ. "ನಲ್ಲಿ ತಿರುವಿದ್ದು ನನಗ ನೆನಪ ಸೈತ ಇಲ್ಲ. ಅಂಥಾ ಕೈನ ಹೆಂಗ ನಂಬ್ಲಿ?"

ಮಂಜೂರ ತನ್ನನ್ನು ಬೈದಾನು, ಶಪಿಸಿಯಾನು ಎಂದೆಲ್ಲ ಗುರುನಾಥ ಎಣಿಸಿದ್ದ. ಮಾಡದ ತಪ್ಪನ್ನು ತಾನೇ ಮಾಡಿದೆನೆಂದು ಅವನು ನಂಬಿಯಾನು ಎಂಬುದು ಮಾತ್ರ ಹೊಳೆದಿರಲಿಲ್ಲ.

"ನೀ ತಿರುವಿಲ್ಲೋ ತಮ್ಮಾ. ಪೂಜಿ ಮುಗಿಸಿ ಬಂದು ನಾನ ತಿರುವೇನಿ."

ಗುಂಡವ್ವ ತಕ್ಕಡಿ ಕೆಳಗಿಟ್ಟಳು. ಮಂಜೂರ ಒಂದೊಂದೇ ಕೇಳಿದ: ಯಾವ ತೊಟ್ಟಿ, ಎಷ್ಟು ನಿಮಿಷ, ತಾನಿದ್ದಾಗ ನೊರೆ ಹೇಗಿತ್ತು. ನಿನ್ನ ಕೈಯಲ್ಲಿದ್ದಾಗ ನೊರೆ ಚೆನ್ನಾಗಿ ಹೊಳೆಯುತ್ತಿತ್ತು ಎಂದು ಹೇಳಿದ ಗುರುನಾಥ, ಮಾಫು ಮಾಡೆಂದು ಕೈಮುಗಿದ.

"ಮಾಫಿ ಮಾತು ಆಮ್ಯಾಲ ಅಣ್ಣಾ. ಸಾಹೇಬಗ ಫೋನ್ ಹಚ್ಚು."

ಗಣಿಯ ಕಾಲೋನಿಯ ಮನೆ, ಹೆಂಡತಿ ವಿಜಯಶ್ರೀ, ಮಕ್ಕಳ ಶಾಲೆ ಎಲ್ಲ ಗುರುನಾಥನ ಕಣ್ಣಮುಂದೆ ಸುಳಿದವು. ಆದರೂ ಹಚ್ಚಿದ. ತಡವರಿಸುವ ಹಿಂದಿಯಲ್ಲಿ ಎಲ್ಲವನ್ನೂ ಹೇಳಿದ. ಆಚೆ ಸಾಹೇಬರು, ರಜೆ ಸಾಕು, ಬಂದು ಬರೆದುಕೊಡು, ಉಳಿದದ್ದನ್ನು ಆಮೇಲೆ ನೋಡೋಣ ಎಂದು ಫೋನ್ ಇಟ್ಟರು.

ಮಂಜೂರ ನಗಲಿಲ್ಲ, ಅಳಲೂ ಇಲ್ಲ.

"ಬರಿವಾಗ ನನ್ನ ಹೆಸರ ಪೂರ್ತಿ ಬರಿ, ಅಪ್ಪನ ಹೆಸರ ಹಚ್ಚಿ," ಎಂದ. "ಅಲ್ಲಿ ಇನ್ನೊಬ್ಬ ಮಂಜೂರ ಅದಾನ."