ಹಳದಿ ವೈರಿನ ಸಾಕ್ಷಿ

ಇಂಟರ್ನೆಟ್ ಕಂಪನಿಯವರು ನೂರು ಎಂಬಿಪಿಎಸ್ ವೇಗ ಎಂದು ಬರೆದುಕೊಟ್ಟು, ನಮ್ಮೂರ ಪಂಚಾಯ್ತಿ ಗ್ರಂಥಾಲಯಕ್ಕೆ ವರ್ಷವಿಡೀ ನಾಲ್ಕೇ ಕೊಟ್ಟರು.

ನಾನು ಒಂದು ಹಳದಿ ಲ್ಯಾನ್ ವೈರು. ಹುಬ್ಬಳ್ಳಿಯ ಅಂಗಡಿಯಲ್ಲಿ ದೊಡ್ಡ ಸುರುಳಿಯಿಂದ ಮೂರು ಮಾರು ಕತ್ತರಿಸಿ, ಎರಡೂ ತುದಿಗೆ ಕ್ಲಿಪ್ ಒತ್ತಿದಾಗ ಹುಟ್ಟಿದೆ. ಕುಷ್ಟಗಿಯ ಸೈಬರ್ ಸೆಂಟರಿನಲ್ಲಿ ಮೇಜಿನ ಕೆಳಗೆ ಬಿದ್ದು, ಜನರ ಚಪ್ಪಲಿ ನೋಡುತ್ತಾ ಅವರ ರಿಸಲ್ಟು, ಪಹಣಿ, ಜಾತಕ ಎಲ್ಲ ಸಾಗಿಸಿದೆ. ಸೆಂಟರು ಮುಚ್ಚಿತು. ಮಾಲೀಕ ರಾಜಾಸಾಬನ ಮನೆಯಲ್ಲಿ ನನ್ನ ಮೇಲೆ ಲುಂಗಿ ಒಣಗಿದವು. ಅಲ್ಲಿಂದ ನನ್ನನ್ನು ಬಿಚ್ಚಿ ತಂದವಳು ಗ್ರಂಥಾಲಯ ನೋಡಿಕೊಳ್ಳುವ ಹುಲಿಗೆವ್ವ.

ಗ್ರಂಥಾಲಯದಲ್ಲಿ ಪೊಲೀಸ್ ಪರೀಕ್ಷೆಗೆ ಓದುವ ಹನ್ನೊಂದು ಹುಡುಗಿಯರು. ಪಾಠದ ವಿಡಿಯೊ, ಮೇಷ್ಟ್ರು ಬಾಯಿ ತೆರೆದಲ್ಲೇ ನಿಲ್ಲುತ್ತಿತ್ತು. ದೂರು ಕೊಟ್ಟಾಗೆಲ್ಲ ಕಂಪನಿಯವನು ಬಂದು ಹೊಸ ಕಾರಣ ಹೇಳುತ್ತಿದ್ದ. ವೈಫೈಗೆ ಕಬ್ಬಿಣದ ಬೀರು ಅಡ್ಡ ಬರುತ್ತದಂತೆ. ಬೀರು ಸರಿಸಿದರು. ಫ್ಯಾನಿನದೂ ತೊಂದರೆಯಂತೆ. ಅದನ್ನೂ ಆರಿಸಿ, ಏಪ್ರಿಲ್ ತಿಂಗಳೆಲ್ಲ ಬೆವರುತ್ತಾ ಓದಿದರು!

"ಗಾಳ್ಯಾಗ ಬರೂದಕ್ಕ ಸಾವಿರ ನೆವ. ವೈರಿನ್ಯಾಗ ಅಳದ್ರ ಏನಂತಾನ ನೋಡಾಣ," ಎಂದಳು ಹುಲಿಗೆವ್ವ.

ನನ್ನ ಒಂದು ತುದಿ ರೂಟರಿಗೆ, ಇನ್ನೊಂದು ಕಂಪ್ಯೂಟರಿಗೆ. ಅಳೆಯುವಾಗ ಬೇರೆ ಯಾರೂ ನೆಟ್ ಬಳಸಬಾರದಲ್ಲ, ಹನ್ನೊಂದೂ ಫೋನು ಆಫ್ ಆಗಿ ರೊಟ್ಟಿ ಬುಟ್ಟಿ ಸೇರಿದವು. ದಿನಕ್ಕೆ ಮೂರು ಸಲ ಅಳೆದು, ಊರಿಗೆಲ್ಲ ಕಾಣುವಂತೆ ಹೊರಗಿನ ಕರಿಹಲಗೆಯ ಮೇಲೆ ಬರೆದರು. ಪರದೆಯಲ್ಲಿ ವೇಗ ತೋರಿಸುವ ಮುಳ್ಳು ಅಲುಗಿದರೆ ಸಾಕು, ಕಬಡ್ಡಿ ನೋಡುವವರ ಗದ್ದಲ.

"ಏರಲೇ, ಏರು! ನಾಕರಾಗ ದಮ್ ಹತ್ತಿತೇನ ನಿನಗ?" ಎಂದು ಹುಡುಗಿಯರಲ್ಲೊಬ್ಬಳಾದ ಪರವೀನ ಮುಳ್ಳನ್ನು ಕಿಚಾಯಿಸುತ್ತಿದ್ದಳು. ನನಗೂ ನಗು. ನನ್ನ ಮೈಯಲ್ಲಿ ನೂರಕ್ಕೂ ಜಾಗವಿತ್ತು, ಬರುವುದು ಬರಬೇಕಲ್ಲ!

ಈಗ ನನಗೆ ವಯಸ್ಸಾಗಿದೆ. ಒಂದು ಕ್ಲಿಪ್ಪಿಗೆ ಟೇಪು ಸುತ್ತಿದ್ದಾರೆ. ಆದರೂ ಇಷ್ಟು ಸುಖ ನಾನು ಕಂಡಿರಲಿಲ್ಲ. ತಮಗೆ ಬರಬೇಕಾದ್ದನ್ನು ತಾವೇ ಅಳೆಯಲು ಕಲಿತವರನ್ನು ಬೀರು, ಫ್ಯಾನು ಎಂದು ಅಲೆದಾಡಿಸಲಾಗದು.

ನಿನ್ನೆ ಕಂಪನಿಯವನು ಅಚ್ಚು ಹಾಕಿಸಿದ ಹಾಳೆ ಹಿಡಿದು ಬಂದ. ಸಹಿ ಬಿದ್ದರೆ ದೂರು ಅಲ್ಲಿಗೆ ಮುಗಿಯಿತು, ಹುಡುಗಿಯರಿಗೆ ನಾಲ್ಕೇ ಕಾಯಂ.

"ನೂರು ಬರಾಕತ್ತೈತಿ ಅಂತ ಸಹಿ ಹಾಕ್ರಿ ಅಕ್ಕಾರ. ಇಲ್ಲಂದ್ರ ಲೈನ್ ಕೀಳ್ತೀವಿ."

ಹುಲಿಗೆವ್ವ ನನ್ನ ತುದಿಯನ್ನು ಅವನ ಲ್ಯಾಪ್‌ಟಾಪಿಗೇ ಚುಚ್ಚಿದಳು. ಮೂರು ಪಾಯಿಂಟ್ ಎಂಟು. ಹುಡುಗಿಯರ ನಗೆ ರಸ್ತೆಯವರೆಗೂ ಕೇಳಿತು.

ಅವನು ಪೆನ್ನು ಚಾಚಿದ. "ಮ್ಯಾಲಿನವ್ರ ಆರ್ಡರ್ರಿ. ಸುಮ್ನ ಹಾಕ್ರಿ."

ಹುಲಿಗೆವ್ವ ಪೆನ್ನಿನ ಟೋಪಿ ಮುಚ್ಚಿ ಅವನ ಜೇಬಿಗೇ ಸಿಕ್ಕಿಸಿದಳು.

"ಹಾಕಂಗಿಲ್ಲ."